ಹುಚ್ಚೆಳ್ಳು ಮತ್ತು ಹೊಳಪಿನ ಮಾತ್ರೆ

ಹಳೇಬೀಡಿನ ಹತ್ತಿರದ ನಮ್ಮ ಹುಲಿಕೆರೆಯಂಥ ಊರಿನಲ್ಲಿ ಮೊದಲೆಲ್ಲ ಚರ್ಮದ ಒಂದೊಂದು ತೊಂದರೆಗೂ ಒಂದೊಂದು ಕಾರಣ ಇರುತ್ತಿತ್ತು. ಬಸುರಿಯ ಕೆನ್ನೆಗೆ ಬಂಗು ಬಂದರೆ ಅದು ಬಸಿರಿನದು, ಬೆನ್ನಿಗೆ ಚಿಬ್ಬು ಬಂದರೆ ಬೆವರಿನದು, ಮಗುವಿನ ಮುಖದ ಮೇಲೆ ಬಿಳಿ ಮಚ್ಚೆ ಕಂಡರೆ ಜಂತುಹುಳದ್ದು, ಹಿಮ್ಮಡಿ ಒಡೆದರೆ ಬರಿಗಾಲಲ್ಲಿ ಹೊಲ ತಿರುಗಿದ್ದಕ್ಕೆ. ಇವುಗಳಲ್ಲಿ ಕೆಲವು ನಿಜ, ಕೆಲವು ಅಲ್ಲ. ಮಕ್ಕಳ ಕೆನ್ನೆಯ ಮಸುಕು ಬಿಳಿ ಮಚ್ಚೆಗೂ ಹೊಟ್ಟೆಯ ಹುಳಕ್ಕೂ ಸಂಬಂಧವಿಲ್ಲ. ಅದು ಒಣಚರ್ಮದ ಮೇಲೆ ಏಳುವ ಸಣ್ಣ ತರಹದ ಇಸುಬು, ತಾನಾಗಿ ಹೋಗುತ್ತದೆ. ಆದರೂ ಒಂದೊಂದಕ್ಕೆ ಒಂದೊಂದು ಕಾರಣ ಹುಡುಕುವ ಆ ಅಭ್ಯಾಸ ಒಳ್ಳೆಯದಿತ್ತು. ಈಗ ಬಂಗಿಗೂ ಚಿಬ್ಬಿಗೂ ಬಿಳಿ ಮಚ್ಚೆಗೂ ಉದುರುವ ಕೂದಲಿಗೂ ಒಂದೇ ಮಾತು: ‘ವಿಟಮಿನ್ ಕಮ್ಮಿ ಆಗಿದೆ.’

ಹಳೇಬೀಡಿನ ಯಾವ ಮೆಡಿಕಲ್ ಸ್ಟೋರಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಇದು ಕಿವಿಗೆ ಬೀಳುತ್ತದೆ. ಬಾಯಿ ಹುಣ್ಣು ಎಂದು ಒಬ್ಬರು ಬಿಕೋಸೂಲ್ಸ್ ಒಂದು ಶೀಟು ಕೇಳುತ್ತಾರೆ. ಕಾಲೇಜು ಹುಡುಗಿ ಎವಿಯಾನ್ ಕೇಳುತ್ತಾಳೆ; ಅವಳು ಅದನ್ನು ನುಂಗುವುದಿಲ್ಲ, ಹಸಿರು ಕ್ಯಾಪ್ಸೂಲಿಗೆ ಪಿನ್ನು ಚುಚ್ಚಿ ಒಳಗಿನ ಎಣ್ಣೆಯನ್ನು ರಾತ್ರಿ ಮುಖಕ್ಕೆ ಸವರಿಕೊಳ್ಳುತ್ತಾಳೆ. ಜೊತೆಗೆ ಬಂದ ಮಗುವಿಗೆ ಚೀಪುವುದಕ್ಕೆ ಕಿತ್ತಳೆ ಬಣ್ಣದ ಲಿಮ್ಸಿ. ಇವೆಲ್ಲ ನಮ್ಮ ಮನೆಗಳಿಗೆ ಎಷ್ಟೋ ವರ್ಷದಿಂದ ಪರಿಚಯವಿರುವ ಮಾತ್ರೆಗಳು. ಹೊಸದಾಗಿ ಬಂದಿರುವುದು ಡಬ್ಬಿಗಳು. ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಹಬ್ಬಕ್ಕೆ ಬಂದಾಗ ನಮ್ಮ ನಡುಮನೆಯ ಕಿಟಕಿಯ ಮೇಲೆ ಅವನ್ನು ಸಾಲಾಗಿ ಇಟ್ಟಳು: ಕರಡಿ ಮರಿಯ ಆಕಾರದ ಬಯೋಟಿನ್ ಗಮ್ಮಿ, ಕೊಲಾಜೆನ್ ಪುಡಿ, ನೀರಿಗೆ ಹಾಕಿದರೆ ಬುರುಗು ಬರುವ ವಿಟಮಿನ್ ಸಿ, ಗ್ಲುಟಾಥಯೋನ್ ಎಂಬ ಇನ್ನೊಂದು.

ನಮ್ಮ ಅತ್ತೆ ಹತ್ತಿರ ಹೋಗಿ ನೋಡಿ, "ಏನವ್ವ ಇದು, ಊಟಕ್ಕಿಂತ ಮಾತ್ರೆನೇ ಜಾಸ್ತಿ ಐತಲ್ಲ?" ಎಂದರು.

"ಮಾತ್ರೆ ಅಲ್ಲ ಅಜ್ಜಿ, ಸಪ್ಲಿಮೆಂಟು. ಸ್ಕಿನ್ ಚೆನ್ನಾಗಿ ಆಗ್ಲಿ ಅಂತ."

"ನಿನ್ನ ಚರ್ಮಕ್ಕೆ ಏನಾಗೈತೆ ಈಗ?"

ಅವಳು ಉತ್ತರ ಕೊಡಲಿಲ್ಲ. ಸಂಜೆ ನನ್ನ ಹತ್ತಿರ ಕೂತು ಹೇಳಿದಳು. ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬರುತ್ತದೆ, ಮುಖ ಬಿಳಿಚಿಕೊಂಡಿದೆ, ಗದ್ದದ ಸುತ್ತ ಮೊಡವೆ, ಕಣ್ಣ ಕೆಳಗೆ ಕಪ್ಪು. ಆಫೀಸಿನಲ್ಲಿ ಯಾರೋ, "ಹುಷಾರಿಲ್ವಾ?" ಎಂದು ಕೇಳಿದ್ದರಂತೆ. ಅದು ಅವಳಿಗೆ ನಾಟಿತ್ತು. ಇದನ್ನು ಹುಡುಗಿಯರ ಶೋಕಿ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇಪ್ಪತ್ತೈದರ ಹುಡುಗಿಗೆ ಕನ್ನಡಿ ನೋಡುವುದಕ್ಕೆ ಹಿಂಜರಿಕೆಯಾಗುತ್ತಿದೆ ಎಂದರೆ ಅದು ನಿಜವಾದ ಸಂಕಟ. ನನ್ನ ತಕರಾರು ಇರುವುದು ಆ ಸಂಕಟವನ್ನು ಕಾರಣವೇ ನೋಡದೆ ಡಬ್ಬಿಗೆ ಹಾಕಿ ಮಾರುವವರ ಮೇಲೆ.

ವಿಟಮಿನ್‌ಗೂ ಚರ್ಮಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಷ್ಟು ಸಂಬಂಧವಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. ಆರಂಭದ ವರ್ಷಗಳಲ್ಲಿ ತರಗತಿಯ ಮಕ್ಕಳಲ್ಲಿ ಕೆಲವರ ಮೊಣಕೈ, ಮಂಡಿ, ತೊಡೆಯ ಹೊರಬದಿಯ ಚರ್ಮ ಒಂದು ಥರ ಇರುತ್ತಿತ್ತು. ಕಪ್ಪಗೆ, ಒಣಗಿ, ಒಂದೊಂದು ರೋಮದ ಬುಡದಲ್ಲೂ ಗಟ್ಟಿಯಾದ ಸಣ್ಣ ಮೊನೆ ಎದ್ದಿರುತ್ತಿತ್ತು. ಸ್ಲೇಟು ತಿದ್ದಲು ಪಕ್ಕದಲ್ಲಿ ಕೂರಿಸಿಕೊಂಡರೆ ಆ ಮೊಣಕೈ ನನ್ನ ತೋಳಿಗೆ ಚುಚ್ಚುತ್ತಿತ್ತು. ಅಂಥ ಮಕ್ಕಳ ಬಾಯಿಯ ಎರಡು ಮೂಲೆಯೂ ಸಾಮಾನ್ಯವಾಗಿ ಸೀಳಿಕೊಂಡಿರುತ್ತಿತ್ತು. ಖಾರದ ಸಾರು ಬಾಯಿಗೆ ತಾಗಿದರೆ ಕಣ್ಣಲ್ಲಿ ನೀರು. ತಾಯಂದಿರು ಸರಿಯಾಗಿ ಉಜ್ಜಿ ಸ್ನಾನ ಮಾಡಿಸುವುದಿಲ್ಲ, ಅದಕ್ಕೇ ಹೀಗೆ ಎಂದು ಜನ ಅವರನ್ನೇ ಬೈಯುತ್ತಿದ್ದರು. ಆರೋಗ್ಯ ತಪಾಸಣೆಗೆ ಬಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಒಂದು ಮಗುವಿನ ಮೊಣಕೈ ಮೇಲೆ ಬೆರಳಾಡಿಸಿ ನೋಡಿ, "ಇದು ಕೊಳೆ ಅಲ್ಲ ಟೀಚರ್, ಇದಕ್ಕೆ ಊಟ ಸಾಲ್ತಾ ಇಲ್ಲ. ಎಣ್ಣೆ ಕಾಳು, ಸೊಪ್ಪು ತಿನ್ನಿಸೋಕೆ ಹೇಳಿ" ಎಂದರು. ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಹೋದರು.

ಇದಕ್ಕೆ ವೈದ್ಯರು ಇಟ್ಟ ಹೆಸರು ಫ್ರೈನೋಡರ್ಮ, ಅಂದರೆ ನೆಲಗಪ್ಪೆಯ ಚರ್ಮ. ಲೂಸಿಯಸ್ ನಿಕೋಲ್ಸ್ ಎಂಬ ವೈದ್ಯ ಪೂರ್ವ ಆಫ್ರಿಕಾದ ಕೂಲಿಗಳಲ್ಲಿ ಇದನ್ನು ಕಂಡು 1933ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಬರೆದ. ಇದು ಏ ವಿಟಮಿನ್ನಿನ ಕೊರತೆ ಎಂದು ಅವನ ಲೆಕ್ಕ. ನಮ್ಮ ದೇಶದಲ್ಲಿ ಆಹಾರದ ಕೊರತೆಯನ್ನು ಕುರಿತ ಸಂಶೋಧನೆ ಆಗಲೇ ನೀಲಗಿರಿಯ ಕೂನೂರಿನಲ್ಲಿ ನಡೆದಿತ್ತು. ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಒಂದೇ ಕೋಣೆಯಲ್ಲಿ ಆರಂಭಿಸಿದ ಕೆಲಸ ಅದು. ಮುಂದೆ ದೊಡ್ಡ ಪ್ರಯೋಗಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣೆ ಸಂಸ್ಥೆಯಾಗಿದೆ. ದಕ್ಷಿಣದ ಶಾಲೆಗಳ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೊಣಕೈ, ಬಾಯಿಮೂಲೆ, ಕಣ್ಣು ನೋಡಿ ಊಟದ ಸ್ಥಿತಿ ಅಳೆಯುವ ಕ್ರಮ ಬಂದದ್ದು ಆ ಕಾಲದಲ್ಲಿಯೇ. ಆಮೇಲೆ ಬಂದವರು ಒಂದು ವಿಷಯ ಗಮನಿಸಿದರು: ಏ ವಿಟಮಿನ್ ಒಂದನ್ನೇ ಕೊಟ್ಟರೆ ಎಲ್ಲ ಮಕ್ಕಳ ಚರ್ಮವೂ ನೆಟ್ಟಗಾಗುವುದಿಲ್ಲ. ಬಿ ಗುಂಪಿನ ವಿಟಮಿನ್‌ಗಳೂ ಬೇಕು. ಅದಕ್ಕಿಂತ ಮುಖ್ಯವಾಗಿ, ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ, ಎಣ್ಣೆಕಾಳಿನಿಂದಲೇ ಬರಬೇಕಾದ ಕೊಬ್ಬಿನಾಮ್ಲ ಬೇಕು. ಕುಸುಬೆ ಎಣ್ಣೆ ಕೊಟ್ಟು ವಾಸಿ ಮಾಡಿದವರಿದ್ದಾರೆ. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನ ಚರ್ಮವೈದ್ಯರು ನಮ್ಮ ಕಾಲದಲ್ಲಿಯೂ ಈ ಕಾಯಿಲೆಯ ಮಕ್ಕಳನ್ನು ನೋಡಿ ಅಧ್ಯಯನ ಮಾಡಿದ್ದಾರೆ. ಎಂದರೆ ಇದು ಪುಸ್ತಕದಲ್ಲಿ ಉಳಿದಿರುವ ಹಳೆಯ ರೋಗ ಅಲ್ಲ.

ಆ ಎಣ್ಣೆ ಕಾಳಿನ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು, ಯಾಕೆಂದರೆ ನಮ್ಮ ಹೊಲದಲ್ಲಿ ಅದು ಇತ್ತು. ಅರಸೀಕೆರೆಯಿಂದ ಹಳೇಬೀಡಿನವರೆಗಿನ ಮಳೆಯಾಶ್ರಿತ ಕೆಂಪು ನೆಲದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ಪದ್ಧತಿ ಇರಲಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅಕ್ಕಡಿಯಲ್ಲಿ ಅವರೆ, ತೊಗರಿ, ಜೋಳ, ಮತ್ತೆ ಹುಚ್ಚೆಳ್ಳು. ರಾಗಿ ತೆನೆ ಕಟ್ಟುವ ಹೊತ್ತಿಗೆ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಹೊಲದ ಉದ್ದಕ್ಕೂ ಪಟ್ಟೆ ಎಳೆದಿರುತ್ತಿತ್ತು, ಜೇನುಹುಳ ಮುತ್ತಿರುತ್ತಿದ್ದವು. ಬೀಜ ಕಪ್ಪಗೆ, ಸಣ್ಣಗೆ, ಉಗುರಿನಲ್ಲಿ ಒತ್ತಿದರೆ ಎಣ್ಣೆ ಜಿನುಗುತ್ತದೆ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಲಿನೋಲಿಯಿಕ್ ಆಮ್ಲ; ಚರ್ಮದ ಮೇಲ್ಪದರ ನೀರು ಬಿಡದ ಹಾಗೆ ತಡೆಯುವ ಕೊಬ್ಬನ್ನು ದೇಹ ಕಟ್ಟಿಕೊಳ್ಳುವುದು ಇದರಿಂದ. ಫ್ರೈನೋಡರ್ಮದ ಮಕ್ಕಳಿಗೆ ಕುಸುಬೆ ಎಣ್ಣೆಯಲ್ಲಿ ವೈದ್ಯರು ಕೊಟ್ಟದ್ದು ಇದನ್ನೇ. ನಮ್ಮ ಅತ್ತೆಗೆ ಈ ಆಮ್ಲದ ಹೆಸರು ಗೊತ್ತಿಲ್ಲ. ಹುಚ್ಚೆಳ್ಳನ್ನು ಚಟಪಟ ಎನ್ನುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಕುಟ್ಟಿ ಪುಡಿ ಮಾಡಿಡುವುದು ಗೊತ್ತು. ಬದನೆಕಾಯಿ ಗೊಜ್ಜಿಗೂ ಅದೇ ಪುಡಿ, ರೊಟ್ಟಿಗೂ ಅದೇ.

ಈಗ ನಮ್ಮ ಸುತ್ತ ಮುಸುಕಿನ ಜೋಳ, ಶುಂಠಿ, ಆಲೂಗಡ್ಡೆ, ಅಡಿಕೆ. ದುಡ್ಡಿಗೆ ಅವೇ ಬೇಕು, ರೈತರನ್ನು ದೂರಿ ಪ್ರಯೋಜನವಿಲ್ಲ. ಅಕ್ಕಡಿ ಹೋಯಿತು, ಹುಚ್ಚೆಳ್ಳೂ ಅದರ ಜೊತೆ ಹೋಯಿತು. ಪುಡಿ ಮಾಡಬೇಕೆಂದರೆ ಅರಸೀಕೆರೆ ಸಂತೆಯಲ್ಲಿ ಹುಡುಕಿ ತರಬೇಕು. ಸೊಪ್ಪಿನದೂ ಅದೇ ಕಥೆ. ಬೆರಕೆ ಸೊಪ್ಪು ಎಂದರೆ ಅಣ್ಣೆ, ಹೊನಗೊನ್ನೆ, ಗಣಿಕೆ, ಕಿರಕಸಾಲೆ, ದಂಟು ಎಲ್ಲ ಸೇರಿದ್ದು; ಕಳೆನಾಶಕ ಹೊಡೆದ ಹೊಲದಲ್ಲಿ ಅವಕ್ಕೆ ಜಾಗವಿಲ್ಲ. ಕಡುಹಸಿರು ಸೊಪ್ಪಿನಲ್ಲಿರುವ ಕ್ಯಾರೋಟಿನ್ ನಮ್ಮೊಳಗೆ ಹೋಗಿ ಏ ವಿಟಮಿನ್ ಆಗುತ್ತದೆ, ಆದರೆ ಜೊತೆಗೆ ಒಂದಿಷ್ಟು ಜಿಡ್ಡು ಇದ್ದರೇ ಅದು ಮೈಗೆ ಹತ್ತುವುದು. ಮಸ್ಸೊಪ್ಪಿಗೆ ಹಾಕುವ ತೆಂಗಿನಕಾಯಿ, ಮೇಲಿನ ಒಗ್ಗರಣೆ, ಎರಡೂ ರುಚಿಗೆ ಮಾತ್ರ ಅಲ್ಲ ಎಂದು ತಿಳಿದ ಮೇಲೆ ‘ಎಣ್ಣೆ ಕಾಯಿ ಎರಡೂ ಬಿಟ್ಟಿದ್ದೇನೆ, ಸ್ಕಿನ್‌ಗೆ ಒಳ್ಳೆಯದು’ ಎನ್ನುವ ಹುಡುಗಿಯರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಚರ್ಮ ನೋಡಿದ್ದೇನೆ. ಕೂಲಿಗೆ ಹೋಗುವ ಒಬ್ಬ ಗಂಡಸು, ಕುಡಿತಕ್ಕೆ ಬಿದ್ದು ಊಟವನ್ನೇ ಮರೆತವನು. ಬೇಸಿಗೆಯಲ್ಲಿ ಅವನ ಕೈಯ ಮೇಲ್ಭಾಗ, ಪಾದ ಸುಟ್ಟ ಹಾಗೆ ಕಪ್ಪಾಗಿ ಸಿಪ್ಪೆ ಏಳತೊಡಗಿತು. ಕುತ್ತಿಗೆಯ ಸುತ್ತ ಅಂಗಿಯ ಕಾಲರಿನ ಮೇಲೆ, ಬಿಸಿಲು ಬೀಳುವಷ್ಟು ಜಾಗದಲ್ಲಿ ಮಾತ್ರ, ಒಂದು ಕಪ್ಪು ಪಟ್ಟಿ. ನಾಲಿಗೆ ಕೆಂಪಗೆ, ಹೊಟ್ಟೆ ನಿಲ್ಲುತ್ತಿರಲಿಲ್ಲ, ಮಾತು ತಪ್ಪುತ್ತಿತ್ತು. ಯಾರೋ ಮಾಟ ಎಂದರು, ಯಾರೋ ಕುಷ್ಠ ಇರಬೇಕು ಎಂದು ದೂರ ಕೂತರು. ಆಸ್ಪತ್ರೆಯಲ್ಲಿ ಅದನ್ನು ಪೆಲ್ಲಾಗ್ರ ಎಂದರು: ನಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆ. ಆ ಕುತ್ತಿಗೆಪಟ್ಟಿಯನ್ನು 1735ರಲ್ಲಿಯೇ ಸ್ಪೇನಿನ ಗಾಸ್ಪರ್ ಕಸಾಲ್ ಎಂಬ ವೈದ್ಯ ಬಡ ರೈತರಲ್ಲಿ ಗುರುತಿಸಿದ್ದ. ಇಂದಿಗೂ ವೈದ್ಯರು ಅದನ್ನು ಕಸಾಲನ ಹಾರ ಎನ್ನುತ್ತಾರೆ. ಮೆಕ್ಕೆಜೋಳವನ್ನೇ ನಂಬಿ ಬದುಕಿದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಸಾವಿರಾರು ಜನರನ್ನು ತಿಂದಿತು. ಇದು ಅಂಟುರೋಗ ಅಲ್ಲ, ಊಟದ ರೋಗ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಸಾಧಿಸಿ ತೋರಿಸಿದರೂ ಬಹಳ ಕಾಲ ಹಲವರು ಒಪ್ಪಲಿಲ್ಲ. 1937ರಲ್ಲಿ ನಯಾಸಿನ್ ಪತ್ತೆಯಾದ ಮೇಲೆ ಸಂದೇಹ ಕಳೆಯಿತು. ನಮ್ಮ ದಖ್ಖನ್ ಸೀಮೆಯಲ್ಲಿ ಬಿಳಿಜೋಳ ತಿನ್ನುವ ಕಡುಬಡವರಲ್ಲೂ ಪೆಲ್ಲಾಗ್ರ ಇತ್ತು. ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಅದನ್ನು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೆ ಹೊಂದಿಸಿ ಬರೆದರು. ರೊಟ್ಟಿಯ ಜೊತೆ ಬೇಳೆ, ಸೊಪ್ಪು, ಶೇಂಗಾ ಚಟ್ನಿ, ಮೊಸರು ಇದ್ದವರಿಗೆ ಏನೂ ಆಗುತ್ತಿರಲಿಲ್ಲ. ಬರೀ ರೊಟ್ಟಿ, ಖಾರ ತಿಂದವರಿಗೆ ಆಗುತ್ತಿತ್ತು. ಈಗ ಅದು ಹೆಚ್ಚಾಗಿ ಕಾಣುವುದು ಕುಡಿತದವರಲ್ಲಿ. ನಮ್ಮ ಆ ಮನುಷ್ಯನಿಗೆ ಮಾತ್ರೆ ಶುರು ಮಾಡಿದ ಮೇಲೆ ನಾಲಿಗೆ ಬೇಗ ಸುಧಾರಿಸಿತು, ಕೆಲವು ವಾರಗಳಲ್ಲಿ ಕಪ್ಪು ಸಿಪ್ಪೆ ಉದುರಿ ಕೆಳಗಿನಿಂದ ಹೊಸ ಚರ್ಮ ಬಂತು. ವಿಟಮಿನ್ ಮಾತ್ರೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಕುತ್ತಿಗೆ ನೋಡಿ.

ವಿಟಮಿನ್‌ಗಳಿಗೆ ಹೆಸರು ಬಂದದ್ದು ಇಂಥ ಹಸಿದ ಮೈಗಳಿಂದ. ಹಡಗಿನಲ್ಲಿ ವಸಡು ಕೊಳೆತು ಸತ್ತ ನಾವಿಕರು, ಜೋಳದ ಬಯಲಿನ ಕೂಲಿಗಳು, ಮೊಣಕೈ ಒಡೆದ ಶಾಲೆಯ ಮಕ್ಕಳು, ಇವರ ಚರ್ಮದ ಮೇಲೆ ಆ ಪವಾಡ ನಡೆಯಿತು. ಈಗ ಅದೇ ಪವಾಡದ ಹೆಸರು ಹೇಳಿ, ಮೂರು ಹೊತ್ತು ಊಟವಿರುವವರಿಗೆ ಹೊಳಪು ಮಾರುತ್ತಿದ್ದಾರೆ. ಕೊರತೆ ತುಂಬುವ ತನಕ ವಿಟಮಿನ್ ಕೆಲಸ ಮಾಡುತ್ತದೆ. ಅದಾದ ಮೇಲೆ ಕೊಡುವುದೆಲ್ಲ ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಬಿ ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಗಾಢ ಹಳದಿಯಾಗುವುದು ಯಾಕೆಂದರೆ ದೇಹ ತನಗೆ ಬೇಡವಾದ ರೈಬೋಫ್ಲೇವಿನ್ನನ್ನು ಹೊರಹಾಕುತ್ತಿದೆ. ಸಿ ವಿಟಮಿನ್ ಚರ್ಮದ ಕೊಲಾಜೆನ್ ಎಳೆಗಳನ್ನು ಬಿಗಿಯಾಗಿ ಹೆಣೆಯುವುದಕ್ಕೆ ಬೇಕೇ ಬೇಕು, ಸುಳ್ಳಲ್ಲ. ಆದರೆ ಹೆಂಗಸಿಗೆ ದಿನಕ್ಕೆ ಬೇಕಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) ಲೆಕ್ಕದಲ್ಲಿ 65 ಮಿಲಿಗ್ರಾಂ. ಹಿತ್ತಲಿನ ಒಂದು ಸೀಬೆಹಣ್ಣು ಅದಕ್ಕಿಂತ ಹೆಚ್ಚು ಕೊಡುತ್ತದೆ.

ಕೊಡ ತುಂಬಿ ಹರಿದುಹೋದರೆ ಅಷ್ಟಕ್ಕೇ ಮುಗಿಯಿತು ಎನ್ನುವಂತಿಲ್ಲ. ಏ ವಿಟಮಿನ್ ಮೂತ್ರದಲ್ಲಿ ಹೋಗುವುದಿಲ್ಲ, ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಹೆಚ್ಚಾದರೆ ಯಾವ ಚರ್ಮಕ್ಕಾಗಿ ನುಂಗಿದರೋ ಆ ಚರ್ಮವೇ ಒಣಗಿ ಒಡೆಯುತ್ತದೆ, ಕೂದಲು ಉದುರುತ್ತದೆ. ಉತ್ತರ ಧ್ರುವ ಪ್ರದೇಶದ ಹಿಮದಲ್ಲಿ ಸಿಕ್ಕಿಕೊಂಡ ಬ್ಯಾರೆಂಟ್ಸ್ ಎಂಬವನ ತಂಡದ ಡಚ್ ನಾವಿಕರು 1597ರಲ್ಲಿ ಹಿಮಕರಡಿಯ ಯಕೃತ್ತು ಬೇಯಿಸಿ ತಿಂದರು. ಅದರಲ್ಲಿ ಏ ವಿಟಮಿನ್ ವಿಪರೀತ ಇರುತ್ತದೆ. ಅವರಲ್ಲಿ ಮೂವರಿಗೆ ತಲೆಯಿಂದ ಪಾದದವರೆಗೆ ಚರ್ಮ ಸುಲಿದುಬಂತೆಂದು ಜೊತೆಯಲ್ಲಿದ್ದವನೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಬಸುರಿಯರು ಏ ವಿಟಮಿನ್ನನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಹೊಟ್ಟೆಯ ಮಗುವಿಗೆ ಊನವಾಗಬಹುದು. ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಈ ವಿಟಮಿನ್ನಿನ ಸಂತತಿಯದೇ. ಮೊಡವೆಗೆ ಅದರಷ್ಟು ಗಟ್ಟಿ ಔಷಧಿ ಇನ್ನೊಂದಿಲ್ಲ, ಆದರೆ ಬಸುರಿಯರು ಅದನ್ನು ಮುಟ್ಟಲೇಬಾರದು, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಸ್ನೇಹಿತೆಯ ಚೀಟಿ ತೋರಿಸಿ ತರುವ ಮಾತ್ರೆ ಅದಲ್ಲ. ಇನ್ನು ಎವಿಯಾನ್ ಎಣ್ಣೆ ಸವರುವ ನಮ್ಮ ಹುಡುಗಿಯರಿಗೆ ಹೇಳಬೇಕಾದ್ದೊಂದಿದೆ. ಮಿಯಾಮಿಯ ಇಬ್ಬರು ವೈದ್ಯರು 1999ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆಯಲ್ಲಿ ಹೊಸ ಗಾಯದ ಕಲೆಯ ಮೇಲೆ ಇ ವಿಟಮಿನ್ ಹಚ್ಚಿದವರಿಗೆ ಕಲೆಯೇನೂ ಮಾಯಲಿಲ್ಲ; ಮೂವರಲ್ಲಿ ಒಬ್ಬರಿಗೆ ಹಚ್ಚಿದ ಜಾಗದಲ್ಲಿ ತುರಿಕೆಯ ಅಲರ್ಜಿ ಎದ್ದಿತು.

ಕಿಟಕಿಯ ಮೇಲಿನ ಗಮ್ಮಿ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಬಯೋಟಿನ್ 10,000 ಮೈಕ್ರೊಗ್ರಾಂ ಎಂದಿತ್ತು. ಮನುಷ್ಯನಿಗೆ ದಿನಕ್ಕೆ ಬೇಕಾದದ್ದು 30ರಿಂದ 40. ಒಂದು ಬೇಯಿಸಿದ ಮೊಟ್ಟೆಯಲ್ಲಿಯೇ ಸುಮಾರು 10 ಇರುತ್ತದೆ. ಶೇಂಗಾ, ಕಾಳುಗಳಲ್ಲೂ ಉಂಟು. ಬಯೋಟಿನ್ ಕೊರತೆ ಬಹಳ ಅಪರೂಪ. ಹಸಿ ಮೊಟ್ಟೆಯ ಬಿಳಿಯನ್ನೇ ದಿನವೂ ತಿನ್ನುವವರು, ಕೆಲವು ಹುಟ್ಟು ಕಾಯಿಲೆಯವರು, ಹೀಗೆ ಕೆಲವರಿಗೆ ಬರುತ್ತದೆ. ಉಳಿದವರಿಗೆ ಇನ್ನೂರೈವತ್ತು ಪಟ್ಟು ಕೊಟ್ಟರೆ ಕೂದಲು ಬರುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ತೊಂದರೆ ಇನ್ನೊಂದು ಕಡೆ ಇದೆ. ಲ್ಯಾಬುಗಳಲ್ಲಿ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಗುರುತಿಸುವ ಟ್ರೊಪೋನಿನ್ ಪರೀಕ್ಷೆ ಮಾಡುವ ಅನೇಕ ಕಿಟ್‌ಗಳು ಒಳಗೊಳಗೆ ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಫಲಿತಾಂಶ ತಪ್ಪಾಗಿ ಬರುತ್ತದೆ. ಅಮೆರಿಕದ ಎಫ್‌ಡಿಎ ಎಂಬ ಔಷಧಿ ನಿಯಂತ್ರಣ ಸಂಸ್ಥೆ 2017ರ ನವೆಂಬರಿನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಟ್ರೊಪೋನಿನ್ ತಪ್ಪಾಗಿ ಕಡಿಮೆ ತೋರಿಸಿದ ಒಬ್ಬ ರೋಗಿ ತೀರಿಕೊಂಡದ್ದನ್ನೂ ಅದರಲ್ಲಿ ಹೇಳಿದೆ. ಇದನ್ನು ನಮ್ಮ ಹುಡುಗಿಗೆ ಗಮ್ಮಿ ಕಂಪನಿಯವರು ಹೇಳಿರಲಿಲ್ಲ. ನಮ್ಮ ದೇಶದ ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತೆ ಪ್ರಾಧಿಕಾರದ 2016ರ ನಿಯಮದ ಪ್ರಕಾರ ಇಂಥ ಡಬ್ಬಿಯ ಮೇಲೆ ‘ಔಷಧಿಯಾಗಿ ಬಳಸುವುದಕ್ಕಲ್ಲ’ ಎಂದು ಹಾಕಲೇಬೇಕು. ಹಾಕಿದ್ದರು, ಇಂಗ್ಲಿಷಿನಲ್ಲಿ, ಡಬ್ಬಿಯ ಬೆನ್ನಿಗೆ. ಮುಂದುಗಡೆ ಇದ್ದದ್ದು ಉದ್ದ ಕೂದಲಿನ, ಹಾಲಿನ ಬಣ್ಣದ ಹುಡುಗಿ.

ಆ ಹಾಲಿನ ಬಣ್ಣದ ಬಗ್ಗೆ ಹೇಳದೆ ಹೋದರೆ ಅರ್ಧ ಹೇಳಿದ ಹಾಗೆ. ಚರ್ಮ ಆರೋಗ್ಯವಾಗಿರಲಿ ಎಂದು ಶುರುವಾದ ಮಾತು ನಮ್ಮಲ್ಲಿ ಬೆಳ್ಳಗಾಗಲಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಫೇರ್ ಅಂಡ್ ಲವ್ಲಿ ಎಂಬ ಹೆಸರು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅಂಗಡಿಗೆ ಬರುವವರು ಇನ್ನೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ. ಅದೇ ವರ್ಷ, ಚರ್ಮ ಬೆಳ್ಳಗೆ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವವರಿಗೆ ಜೈಲು, ದಂಡ ವಿಧಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ ಹೊರತಂದಿತ್ತು. ಗ್ಲುಟಾಥಯೋನ್ ಮಾತ್ರೆ, ಇಂಜೆಕ್ಷನ್ನುಗಳ ಹಿಂದೆ ಇರುವುದೂ ಈ ಆಸೆಯೇ. ಹೆಣ್ಣು ನೋಡಲು ಬರುವವರು ‘ಹುಡುಗಿ ಸ್ವಲ್ಪ ಕಪ್ಪು’ ಎನ್ನುವುದನ್ನು ನಿಲ್ಲಿಸದ ಹೊರತು ಈ ಮಾತ್ರೆ ನಿಲ್ಲುವುದಿಲ್ಲ. ನಾನು ಆ ಮಾತನ್ನು ನಮ್ಮ ಬಂಧುಬಳಗದ ಬಾಯಲ್ಲಿಯೇ ಕೇಳಿದ್ದೇನೆ. ಕೇಳಿದಾಗಲೆಲ್ಲ ಎದ್ದು ಎದುರು ಮಾತಾಡಿದ್ದೇನೆ. ಡಬ್ಬಿ ಓದಿದ ಮರುದಿನ ನಾನು ಅಕ್ಕನ ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋಗಿ ದರ್ಪಣ ಸುಂದರಿಯ ಮುಂದೆ ನಿಲ್ಲಿಸಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಆ ಶಿಲಾಬಾಲಿಕೆ ಕನ್ನಡಿ ಹಿಡಿದು ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ. ಮೆದುವಾದ ಬಳಪದ ಕಲ್ಲಿನಲ್ಲಿ ಬೆರಳಿನ ಉಗುರು, ಹೆರಳಿನ ಎಳೆ, ಹೊಟ್ಟೆಯ ಮಡಿಕೆಯವರೆಗೆ ಕಡೆದಿದ್ದಾರೆ. ಅವಳು ಕಪ್ಪು. ಒಂಬೈನೂರು ವರ್ಷದಿಂದ ಜನ ಅವಳನ್ನು ಚೆಲುವೆ ಎಂದೇ ಕರೆಯುತ್ತಿದ್ದಾರೆ.

ಹುಡುಗಿ ಬಹಳ ಹೊತ್ತು ನೋಡಿದಳು. ಆಮೇಲೆ, "ಚಿಕ್ಕಮ್ಮ, ಕಪ್ಪು ಬಿಳುಪಿನ ಚಿಂತೆ ನನಗಿಲ್ಲ. ಕೂದಲು ಉದುರೋದು ನಿಜ ತಾನೇ, ಅದಕ್ಕೇನು ಮಾಡ್ಲಿ?" ಎಂದಳು. ಪ್ರಶ್ನೆ ನ್ಯಾಯವಾಗಿತ್ತು. ಗುಡಿಯ ಮುಂದೆ ಭಾಷಣ ಮಾಡಿದರೆ ಕೂದಲು ನಿಲ್ಲುವುದಿಲ್ಲ. ಹಾಸನದ ಚರ್ಮವೈದ್ಯರೊಬ್ಬರ ಹತ್ತಿರ ಹೋದೆವು. ಅವರು ಡಬ್ಬಿಗಳನ್ನು ನೋಡಲೇ ಇಲ್ಲ. ಅವಳ ಕೆಳಗಿನ ರೆಪ್ಪೆ ಎಳೆದು ಒಳಗೆ ನೋಡಿದರು, ಉಗುರು ನೋಡಿದರು, ಮುಟ್ಟಿನಲ್ಲಿ ಎಷ್ಟು ದಿನ ಹೋಗುತ್ತದೆ, ಎಷ್ಟು ಹೋಗುತ್ತದೆ ಎಂದು ಕೇಳಿದರು, ಬೆಳಗ್ಗೆ ಏನು ತಿನ್ನುತ್ತೀ ಎಂದರು. ಬೆಳಗ್ಗೆ ಅವಳು ತಿನ್ನುತ್ತಿರಲಿಲ್ಲ. ಕಾಫಿ ಕುಡಿದು ಕೆಲಸಕ್ಕೆ ಕೂರುತ್ತಿದ್ದಳು. ಬಯೋಟಿನ್ ನಿಲ್ಲಿಸಿ ಕೆಲವು ದಿನ ಬಿಟ್ಟು ರಕ್ತ ಕೊಡಲು ಹೇಳಿದರು: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಡಿ ವಿಟಮಿನ್. ಥೈರಾಯ್ಡ್ ಸರಿಯಿತ್ತು. ಡಿ ಸ್ವಲ್ಪ ಕಡಿಮೆ; ಹಗಲೆಲ್ಲ ಟ್ಯೂಬ್‌ಲೈಟಿನ ಕೆಳಗೆ ಇರುವವರಿಗೆ ಅದು ಸಹಜ, ವಾರಕ್ಕೊಂದರಂತೆ ಕೆಲವು ವಾರ ಮಾತ್ರೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಬಹಳ ಕಡಿಮೆ. ಫೆರಿಟಿನ್, ಎಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣ, ತಳ ಕಂಡಿತ್ತು. ಮುಖ ಬಿಳಿಚಿದ್ದು, ಕೂದಲು ಉದುರಿದ್ದು, ಮೆಟ್ಟಿಲು ಹತ್ತಿದರೆ ಏದುಸಿರು, ಎಲ್ಲಕ್ಕೂ ಅಲ್ಲಿ ಕಾರಣ ಸಿಕ್ಕಿತು. ನಾಲ್ಕು ಡಬ್ಬಿಯಲ್ಲಿ ಒಂದರಲ್ಲೂ ಕಬ್ಬಿಣ ಇರಲಿಲ್ಲ.

ಅಪರೂಪದ ಸಂಗತಿಯೇನೂ ಅಲ್ಲ ಇದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧ. ಈ ಕೊರತೆಯ ಮಾತ್ರೆ ಬಿಟ್ಟಿಯಾಗಿ ಸಿಗುತ್ತದೆ. ಹರೆಯದ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ, ಚಿಕ್ಕವರಿಗೆ ಗುಲಾಬಿ, ಬಸುರಿಯರಿಗೆ ಕೆಂಪು. ನಾನು ಪಾಠ ಹೇಳುತ್ತಿದ್ದಾಗ ಹುಡುಗಿಯರು ಆ ನೀಲಿ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಿದ್ದರು, ಹೊಟ್ಟೆ ತೊಳಸುತ್ತದೆ ಎಂದು. ನನ್ನ ಎದುರಿಗೇ, ಬಿಸಿಯೂಟ ಆದ ಮೇಲೆ, ನೀರಿನ ಜೊತೆ ನುಂಗಿಸುತ್ತಿದ್ದೆ. ಊಟದ ನಂತರ ಕೊಟ್ಟರೆ ತೊಳಸುವುದು ಕಡಿಮೆ. ಇವತ್ತಿಗೂ ನನ್ನ ಒತ್ತಾಯ ಅದೇ: ಸಾವಿರಾರು ರೂಪಾಯಿಯ ಗಮ್ಮಿಗೆ ಕೊಡುವ ಗಮನದಲ್ಲಿ ಕಾಲು ಭಾಗವನ್ನು ಆಶಾ ಕಾರ್ಯಕರ್ತೆ ತಂದುಕೊಡುವ ಮಾತ್ರೆಗೆ ಕೊಡಿ.

ಹಾಗಾಗಿ ಕಡೆಗೆ ನಮ್ಮ ಮನೆಯಲ್ಲಿ ಮಾತ್ರೆಯೇ ಗೆದ್ದಿತು, ಆದರೆ ಬೇರೆ ಮಾತ್ರೆ. ಕಬ್ಬಿಣ ಮೈಗೆ ಹತ್ತಬೇಕಾದರೆ ಅದರ ಹಿಂದೆ ಮುಂದೆ ಕಾಫಿ, ಟೀ ಕುಡಿಯಬಾರದು. ಹುಳಿ ಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಇದನ್ನು ಹೇಳಿದಾಗ ಅತ್ತೆ, "ಕಾಫಿ ಬಿಡಿಸ್ತೀರಾ ಮಗೀಗೆ?" ಎಂದು ನಮ್ಮ ಮೇಲೆಯೇ ರೇಗಿದರು. ಬೇಲೂರು ಸೀಮೆಯ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಬಿಡಿಸುವುದಿಲ್ಲ, ಹೊತ್ತು ಬದಲಾಯಿಸುತ್ತೇವೆ ಎಂದು ಒಪ್ಪಿಸಿದೆವು. ಬೆಳಗ್ಗೆ ಏಳಕ್ಕೆ ಕಾಫಿ. ಒಂಬತ್ತಕ್ಕೆ ರೊಟ್ಟಿ, ಸೊಪ್ಪಿನ ಪಲ್ಯ. ಹನ್ನೊಂದಕ್ಕೆ ನಿಂಬೆಹಣ್ಣಿನ ನೀರಿನ ಜೊತೆ ಮಾತ್ರೆ. ಬೆಂಗಳೂರಿಗೆ ಹೋದ ಮೇಲೂ ಅದೇ ಹೊತ್ತಿಗೆ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದಾಳೆ. ಕೂದಲು ನಿಲ್ಲುವುದಕ್ಕೆ ತಿಂಗಳುಗಳೇ ಬೇಕು, ಅವಸರ ಪಡಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿಸಬೇಕು.